ಆಟದ ಎಣಿಕೆ, ಪಾಠದ ಎಣಿಕೆ: ಪುಣೆಯ ವಿಟಿದಾಂಡು ಮತ್ತು ತರಗತಿಯ ಬೋಧನೆ

ಆಟ ಮತ್ತು ಪಾಠಗಳು ಒಂದಕ್ಕೊಂದು ವಿರೋಧಿಗಳೆಂಬ ಭಾವನೆ ನಮ್ಮ ಶಿಕ್ಷಣ ಪದ್ಧತಿಯಲ್ಲಿ ಬಹುಕಾಲದಿಂದ ಬೇರೂರಿದೆ. ಗಂಟೆ ಬಾರಿಸಿದ ಮೇಲೆ ಆಟ, ಗಂಟೆ ಬಾರಿಸುವವರೆಗೆ ಪಾಠ ಎಂಬ ವಿಭಜನೆಯನ್ನು ಶಾಲೆಯ ವೇಳಾಪಟ್ಟಿಯೇ ಸ್ಥಿರಪಡಿಸಿದೆ. ಆದರೆ ಮಗು ಎಣಿಸುವುದನ್ನು, ಅಳೆಯುವುದನ್ನು, ನಿಯಮಕ್ಕೆ ಬದ್ಧವಾಗುವುದನ್ನು, ವಾದಿಸಿ ಒಪ್ಪಿಸುವುದನ್ನು ಮೊದಲು ಕಲಿಯುವುದು ಅಂಗಳದಲ್ಲಿಯೇ ಹೊರತು ಹಲಗೆಯ ಮುಂದಲ್ಲ. ಈ ಸಂಗತಿಯನ್ನು ಶಿಕ್ಷಣ ಚಿಂತಕರು ಗುರುತಿಸಿ ಬಹುಕಾಲವಾಗಿದೆ. ಕನ್ನಡದಲ್ಲಿ ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ನಡೆಸಿದ ಪ್ರಯೋಗಗಳು ಈ ದಿಕ್ಕಿನವೇ ಆಗಿದ್ದವು. ೨೦೨೦ರ ರಾಷ್ಟ್ರೀಯ ಶಿಕ್ಷಣ ನೀತಿಯು ದೇಶೀಯ ಆಟಗಳನ್ನೂ ಒಳಗೊಂಡು ಕ್ರೀಡೆಯನ್ನು ಇತರ ವಿಷಯಗಳ ಬೋಧನೆಯೊಡನೆ ಬೆಸೆಯಬೇಕೆಂದು ಹೇಳಿದೆ. ತತ್ತ್ವವನ್ನು ಒಪ್ಪುವುದು ಸುಲಭ. ಯಾವ ಆಟದಿಂದ ಯಾವ ಪಾಠವನ್ನು ಹೇಗೆ ತೆಗೆಯಬೇಕು ಎಂಬುದು ಕಷ್ಟದ ಪ್ರಶ್ನೆ. ಪುಣೆಯ ಒಂದು ಹಳೆಯ ಆಟವನ್ನು ಆಧಾರವಾಗಿಟ್ಟುಕೊಂಡು ಆ ಪ್ರಶ್ನೆಯನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

೧. ಹೊರಗಿನ ಒಂದು ಮಾದರಿ

ಅಮೆರಿಕದಲ್ಲಿ ಬೇಸ್‌ಬಾಲ್ ಆಟವನ್ನು ತರಗತಿಯ ಸಾಮಗ್ರಿಯಾಗಿ ಬಳಸುವ ಪರಿಪಾಠ ಚೆನ್ನಾಗಿ ಬೆಳೆದಿದೆ. ನ್ಯೂಯಾರ್ಕ್ ರಾಜ್ಯದ ಕೂಪರ್ಸ್‌ಟೌನಿನಲ್ಲಿ ೧೯೩೯ರಲ್ಲಿ ತೆರೆದ ಬೇಸ್‌ಬಾಲ್ ವಸ್ತುಸಂಗ್ರಹಾಲಯವು ಶಾಲೆಗಳಿಗಾಗಿಯೇ ಪಾಠಗಳನ್ನು ಸಿದ್ಧಪಡಿಸಿ ಕೊಡುತ್ತದೆ. ಆ ಆಟದ ಅಂಕಣವು ೯೦ ಅಡಿ ಬಾಹುಗಳುಳ್ಳ ಒಂದು ಚೌಕ. ಅದರ ಒಂದು ಮೂಲೆಯಿಂದ ಎದುರು ಮೂಲೆಗೆ ಚೆಂಡನ್ನು ಎಸೆಯಬೇಕಾದ ದೂರವೆಷ್ಟು ಎಂದು ಕೇಳಿದರೆ ಪೈಥಾಗೊರಸನ ಪ್ರಮೇಯ ತಾನಾಗಿಯೇ ಬರುತ್ತದೆ: ಸುಮಾರು ೧೨೭ ಅಡಿ. ಆಟಗಾರನ ಹೊಡೆತದ ಸರಾಸರಿಯನ್ನು ಮೂರು ದಶಮಾಂಶ ಸ್ಥಾನಗಳವರೆಗೆ ಹೇಳುವುದು ಅಲ್ಲಿಯ ವಾಡಿಕೆಯಾದ್ದರಿಂದ ಭಿನ್ನರಾಶಿ, ದಶಮಾಂಶಗಳ ಪಾಠಕ್ಕೆ ದಿನಪತ್ರಿಕೆಯೇ ಪಠ್ಯವಾಗುತ್ತದೆ. ೧೯೪೭ರಲ್ಲಿ ಜಾಕಿ ರಾಬಿನ್ಸನ್ ಎಂಬ ಕಪ್ಪು ಆಟಗಾರನು ವರ್ಣಭೇದದ ಗೋಡೆಯನ್ನು ದಾಟಿ ಪ್ರಮುಖ ಲೀಗನ್ನು ಪ್ರವೇಶಿಸಿದ ಘಟನೆಯು ಸಮಾಜ ವಿಜ್ಞಾನದ ಪಾಠವಾಗುತ್ತದೆ.

ಈ ಮಾದರಿಯಲ್ಲಿ ಗಮನಿಸಬೇಕಾದ ಅಂಶ ಬೇಸ್‌ಬಾಲ್ ಅಲ್ಲ. ಅಲ್ಲಿಯ ಮಗುವಿಗೆ ಆ ಆಟ ಮೊದಲೇ ಗೊತ್ತಿದೆ. ಪಾಠವು ಗೊತ್ತಿರುವುದರಿಂದ ಗೊತ್ತಿಲ್ಲದುದರ ಕಡೆಗೆ ನಡೆಯುತ್ತದೆ. ಆದ್ದರಿಂದ ಆ ಪಾಠಗಳನ್ನು ಹಾಗೆಯೇ ತಂದು ನಮ್ಮ ಮಕ್ಕಳ ಮುಂದಿಟ್ಟರೆ ಪ್ರಯೋಜನವಿಲ್ಲ. ಆಟದ ನಿಯಮವನ್ನೇ ಪಾಠದಂತೆ ಕಲಿಸಬೇಕಾಗುತ್ತದೆ. ಕೋಲು ಹಿಡಿದು ಹೊಡೆದು ಓಡುವ, ಹಿಡಿಯುವ, ಅಳೆಯುವ ಆಟ ನಮ್ಮಲ್ಲಿಯೂ ಇದೆ. ಅದನ್ನು ಹಳೆಯ ಮೈಸೂರಿನವರು ಚಿನ್ನಿದಾಂಡು ಎಂದೂ ಉತ್ತರ ಕರ್ನಾಟಕದವರು ಚಿಣಿಕೋಲು ಎಂದೂ ಕರೆಯುತ್ತಾರೆ. ಪುಣೆಯಲ್ಲಿ ಅದರ ಹೆಸರು ವಿಟಿದಾಂಡು.

೨. ಆಟಗಳ ಊರು ಪುಣೆ

ಆಟವನ್ನು ಅಧ್ಯಯನ ಮಾಡುವವರಿಗೆ ಪುಣೆಗಿಂತ ಯೋಗ್ಯವಾದ ಊರು ವಿರಳ. ೧೮೭೦ರ ದಶಕದಲ್ಲಿ ಬ್ರಿಟಿಷ್ ಸೇನಾಧಿಕಾರಿಗಳು ಇಲ್ಲಿ ಆಡುತ್ತಿದ್ದ ಆಟವೇ ಮುಂದೆ ಬ್ಯಾಡ್ಮಿಂಟನ್ ಆಯಿತು; ಮೊದಲಿಗೆ ಅದಕ್ಕೆ 'ಪೂನಾ' ಎಂಬ ಹೆಸರೂ ಇತ್ತು. ಖೋ-ಖೋ ಆಟಕ್ಕೆ ೨೦ನೆಯ ಶತಮಾನದ ಆರಂಭದಲ್ಲಿ ಲಿಖಿತ ನಿಯಮಗಳನ್ನು ರೂಪಿಸಿದುದು ಇಲ್ಲಿಯ ಡೆಕ್ಕನ್ ಜಿಮ್‌ಖಾನಾ. ಇಲ್ಲಿಯ ಎಸ್. ಪಿ. ಕಾಲೇಜಿನಲ್ಲಿ ಸಂಸ್ಕೃತವನ್ನು ಬೋಧಿಸುತ್ತಿದ್ದ ಪ್ರೊ. ದಿ. ಬ. ದೇವಧರರು ರಣಜಿ ಪಂದ್ಯವೊಂದರಲ್ಲಿ ೨೪೬ ಓಟಗಳನ್ನು ಗಳಿಸಿದಾಗ ಅವರಿಗೆ ೪೮ ವರ್ಷ. ಪಾಂಡಿತ್ಯ ಮತ್ತು ಆಟಗಳು ಒಬ್ಬನೇ ವ್ಯಕ್ತಿಯಲ್ಲಿ ಸಾಮರಸ್ಯದಿಂದ ಇರಬಲ್ಲವೆಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಡ.

ಇದೇ ಊರು ಭಾಷಾಶಾಸ್ತ್ರದ ನೆಲೆಯೂ ಹೌದು. ೧೯೩೯ರಲ್ಲಿ ಸಂಶೋಧನ ಸಂಸ್ಥೆಯಾಗಿ ಪುನರಾರಂಭಗೊಂಡ ಡೆಕ್ಕನ್ ಕಾಲೇಜು ಭಾಷಾವಿಜ್ಞಾನದ ಹಲವು ತಲೆಮಾರುಗಳನ್ನು ಬೆಳೆಸಿತು. ಕನ್ನಡದ ಪ್ರಾದೇಶಿಕ ಉಪಭಾಷೆಗಳನ್ನು ಕುರಿತ ಹಲವು ವರ್ಣನಾತ್ಮಕ ಗ್ರಂಥಗಳು ಅಲ್ಲಿಂದಲೇ ಹೊರಬಂದವು. ಡಿ. ಎನ್. ಶಂಕರ ಭಟ್ಟರಂತಹ ವಿದ್ವಾಂಸರು ಅಲ್ಲಿ ಅಧ್ಯಯನ ಮಾಡಿದರು. ದ. ರಾ. ಬೇಂದ್ರೆಯವರು ಪದವಿ ಪಡೆದುದು ಇಲ್ಲಿಯ ಫರ್ಗ್ಯುಸನ್ ಕಾಲೇಜಿನಿಂದ. ಪುಣೆಯ ಕನ್ನಡ ಸಂಘವು ದಶಕಗಳಿಂದ ಶಾಲೆಗಳನ್ನು ನಡೆಸುತ್ತ ಬಂದಿದೆ. ಹೀಗೆ ಕನ್ನಡವು ಪುಣೆಯಲ್ಲಿ ವಲಸಿಗರ ಮನೆಮಾತಾಗಿಯೂ ಸಂಶೋಧಕರ ವಿಷಯವಾಗಿಯೂ ಇದೆ. ಆದರೆ ಕನ್ನಡದ ನೆರಳು ಅಲ್ಲಿ ಬೀಳುವ ಮೂರನೆಯ ತಾಣವೊಂದಿದೆ. ಅದು ಮರಾಠಿ ಮಕ್ಕಳ ಆಟದ ಬಯಲು.

೩. ಎಣಿಕೆಯ ಪದಗಳು

ವಿಟಿದಾಂಡಿನ ಸಾಧನಗಳು ಎರಡೇ: ಎರಡೂ ತುದಿ ಚೂಪಾದ, ಗೇಣಿಗಿಂತ ಕಿರಿದಾದ ವಿಟಿ; ಸುಮಾರು ಎರಡಡಿಯ ದಾಂಡು. ನೆಲದ ಕುಳಿಯಿಂದ ವಿಟಿಯನ್ನು ಚಿಮ್ಮಿಸುವುದು, ಗಾಳಿಯಲ್ಲಿರುವಾಗಲೇ ಅದನ್ನು ದೂರಕ್ಕೆ ಹೊಡೆಯುವುದು, ಅದು ಬಿದ್ದ ಜಾಗದಿಂದ ಕುಳಿಯವರೆಗಿನ ದೂರವನ್ನು ದಾಂಡಿನಿಂದ ಅಳೆಯುವುದು ಆಟದ ಸಾರ. ಈ ಅಳತೆಯ ಸಂದರ್ಭದಲ್ಲಿ ಮರಾಠಿ ಮಗು ಏಕ, ದೋನ, ತೀನ, ಚಾರ ಎಂದು ಎಣಿಸುವುದಿಲ್ಲ. ವಕಟ, ಲೇಂಡ, ಮುಂಡ, ನಾಲ ಎಂದು ಎಣಿಸುತ್ತದೆ. ಮುಂದಿನ ಪದಗಳು ಊರಿಂದ ಊರಿಗೆ, ಕೇರಿಯಿಂದ ಕೇರಿಗೆ ವ್ಯತ್ಯಾಸವಾಗುತ್ತವೆ. ಮೊದಲ ನಾಲ್ಕು ಮಾತ್ರ ವ್ಯಾಪಕವಾಗಿ ಸ್ಥಿರವಾಗಿವೆ.

ಕನ್ನಡ ಬಲ್ಲವರ ಕಿವಿ ಇಲ್ಲಿ ನಿಮಿರುವುದು ಸಹಜ. ಇವು ಮರಾಠಿಯ ಸಂಖ್ಯಾವಾಚಕಗಳಲ್ಲ, ದ್ರಾವಿಡದವು ಎಂಬುದು ನೋಡಿದೊಡನೆಯೇ ಹೊಳೆಯುತ್ತದೆ. ಹಾಗಿರುವಾಗ 'ಇವು ಕನ್ನಡದ ಎಣಿಕೆ. ಮಹಾರಾಷ್ಟ್ರವು ಒಂದು ಕಾಲಕ್ಕೆ ಕನ್ನಡ ನಾಡಾಗಿತ್ತು ಎಂಬುದಕ್ಕೆ ಮಕ್ಕಳ ಆಟವೇ ಸಾಕ್ಷಿ' ಎಂದು ಹೇಳಿ ಮುಗಿಸುವ ಆಸೆಯೂ ಸಹಜವೇ. ಶಂ. ಬಾ. ಜೋಶಿಯವರು ಮಹಾರಾಷ್ಟ್ರದ ಮೂಲವನ್ನು ಕುರಿತು ನಡೆಸಿದ ದೀರ್ಘ ಸಂಶೋಧನೆ, ಪುಣೆಯಲ್ಲಿ ನೆಲೆಸಿದ್ದ ರಾ. ಚಿಂ. ಢೇರೆಯವರು ೧೯೮೪ರ ತಮ್ಮ 'ಶ್ರೀವಿಠ್ಠಲ: ಏಕ ಮಹಾಸಮನ್ವಯ' ಗ್ರಂಥದಲ್ಲಿ ಪಂಢರಪುರದ ದೈವದ ಕನ್ನಡ ಸಂಬಂಧವನ್ನು ಬಿಡಿಸಿಟ್ಟ ರೀತಿ, ಇವೆಲ್ಲ ಅಂತಹ ತೀರ್ಮಾನಕ್ಕೆ ಬೆಂಬಲವಾಗಿ ನಿಂತಂತೆ ತೋರುತ್ತವೆ. ಆದರೆ ಪದಗಳನ್ನು ಒಂದೊಂದಾಗಿ ತೂಗಿ ನೋಡಿದರೆ ಚಿತ್ರ ಬದಲಾಗುತ್ತದೆ.

'ವಕಟ' ಎಂಬುದು ಕನ್ನಡದ 'ಒಂದು' ಎಂಬುದರಿಂದ ಬರಲಾರದು. ಅದರ ಹತ್ತಿರದ ರೂಪ ತೆಲುಗಿನ 'ಒಕಟಿ'. ಪದಾದಿಯ ಒಕಾರದ ಮುಂದೆ ವಕಾರದ ಎಳೆಯೊಂದು ಸೇರುವುದು ತೆಲುಗು ಮತ್ತು ಕನ್ನಡಗಳೆರಡರ ಆಡುಮಾತಿನಲ್ಲಿಯೂ ಸಾಮಾನ್ಯ. 'ಲೇಂಡ' ಎಂಬುದಕ್ಕೆ ಕನ್ನಡದ 'ಎರಡು' ದೂರದ್ದು; ಕನ್ನಡದಲ್ಲಿ ಅನುನಾಸಿಕ ಉಳಿದಿಲ್ಲ. ತೆಲುಗಿನ 'ರೆಂಡು' ಎಂಬಲ್ಲಿ ಅದು ಉಳಿದಿದೆ, ತಮಿಳಿನ 'ಇರಂಡು' ಎಂಬಲ್ಲಿಯೂ ಉಳಿದಿದೆ. ರಕಾರವು ಲಕಾರವಾದುದಷ್ಟೇ ವ್ಯತ್ಯಾಸ. 'ಮುಂಡ' ಎಂಬುದು ಇನ್ನೂ ಸ್ವಾರಸ್ಯಕರ. ಹಳಗನ್ನಡದ 'ಮೂಱು' ಅದಕ್ಕೆ ಹೊಂದುವುದಿಲ್ಲ. ಇಂದಿನ ತೆಲುಗಿನ 'ಮೂಡು' ಎಂಬುದರಲ್ಲಿಯೂ ಅನುನಾಸಿಕವಿಲ್ಲ. ಆದರೆ ಹಿಂದಿನ ತೆಲುಗು ಬರವಣಿಗೆಯಲ್ಲಿ ಆ ಪದದ ನಡುವೆ ಅರಸುನ್ನವಿತ್ತು. ಅದು 'ಮೂಂಡು' ಎಂಬ ಪ್ರಾಚೀನ ರೂಪದ ಗುರುತು. ಮಕ್ಕಳ ಆಟದ ಪದವು ತೆಲುಗೇ ಆಡುಮಾತಿನಲ್ಲಿ ಕಳೆದುಕೊಂಡ ಧ್ವನಿಯನ್ನು ಹಿಡಿದಿಟ್ಟುಕೊಂಡಂತಿದೆ. 'ನಾಲ' ಮಾತ್ರ ಎಲ್ಲರಿಗೂ ಸೇರಿದ್ದು. ಕನ್ನಡದ 'ನಾಲ್ವರು', 'ನಾಲ್ದೆಸೆ' ಪದಗಳಲ್ಲಿರುವ 'ನಾಲ್' ಎಂಬುದು ತಮಿಳು, ತೆಲುಗುಗಳಿಗೂ ಸಮಾನವಾದ ಧಾತು.

ಒಟ್ಟು ನಾಲ್ಕು ಪದಗಳಲ್ಲಿ ಮೂರು ತೆಲುಗಿನ ಕಡೆಗೆ ಬೆರಳು ಮಾಡುತ್ತವೆ, ಒಂದು ತಟಸ್ಥವಾಗಿದೆ. ಕನ್ನಡದ್ದು ಮಾತ್ರ ಎನ್ನಬಹುದಾದುದು ಒಂದೂ ಇಲ್ಲ. ಸೋಲಾಪುರದಂತಹ ಊರುಗಳಲ್ಲಿ ತೆಲುಗು ಮಾತಾಡುವ ನೇಕಾರರು ಬಹುಸಂಖ್ಯೆಯಲ್ಲಿ ನೆಲೆಸಿರುವುದನ್ನು, ಕಲ್ಲುಕುಟಿಗರು, ಮಣ್ಣುಕೆಲಸದವರು ದಖ್ಖನದುದ್ದಕ್ಕೂ ಸಂಚರಿಸುತ್ತಿದ್ದುದನ್ನು ನೆನೆದರೆ ಎಣಿಕೆಯು ಆ ದಾರಿಯಿಂದ ಬಂದಿರಬಹುದು. ಅಥವಾ ಮರಾಠಿಯ ತಳದಲ್ಲಿದ್ದ ಯಾವುದೋ ಹಳೆಯ ದ್ರಾವಿಡ ನುಡಿಯ ಅವಶೇಷವಾಗಿರಬಹುದು. ಈ ಎರಡರಲ್ಲಿ ಒಂದನ್ನು ಆಯಲು ನಾಲ್ಕು ಪದಗಳ ಆಧಾರ ಸಾಲದು.

ಇದಕ್ಕೆ ಸದೃಶವಾದ ಪ್ರಕರಣವೊಂದು ಇಂಗ್ಲೆಂಡಿನಲ್ಲಿದೆ. ಅಲ್ಲಿಯ ಉತ್ತರ ಭಾಗದ ಕುರುಬರು ಕುರಿಗಳನ್ನು ಎಣಿಸಲು 'ಯಾನ್, ಟಾನ್, ಟೆದೆರಾ' ಎಂಬ ಪದಗಳನ್ನು ಬಳಸುತ್ತಿದ್ದರು. ಅವು ಇಂಗ್ಲಿಷಿನವಲ್ಲ, ವೇಲ್ಸಿನ ಭಾಷೆಗೆ ಹತ್ತಿರವಾದ ಕೆಲ್ಟಿಕ್ ಮೂಲದವು. ಅವು ಇಂಗ್ಲಿಷಿಗಿಂತ ಮೊದಲಿದ್ದ ಭಾಷೆಯ ಅವಶೇಷವೋ, ತರುವಾಯ ವೇಲ್ಸಿನ ಕಡೆಯಿಂದ ಬಂದ ಎರವಲೋ ಎಂಬುದರ ಬಗ್ಗೆ ಅಲ್ಲಿಯ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಕುರಿ ಎಣಿಸುವ ಪದಗಳಿಂದ ರಾಜ್ಯದ ಗಡಿಯನ್ನು ಯಾರೂ ಎಳೆಯಲಿಲ್ಲ. ದಾಂಡಿನಿಂದ ಅಳೆಯುವ ಪದಗಳಿಂದಲೂ ಎಳೆಯಬಾರದು.

ತರಗತಿಯ ದೃಷ್ಟಿಯಿಂದ ಇದು ಅತ್ಯಂತ ಬೆಲೆಯುಳ್ಳ ಪಾಠ. ಪುಣೆಯ ಕನ್ನಡ ಮನೆಯ ಮಗು ತನ್ನ ಮನೆಯ ಎಣಿಕೆಗೂ ಗೆಳೆಯನ ಆಟದ ಎಣಿಕೆಗೂ ಬಾಂಧವ್ಯವಿದೆಯೆಂದು ಕಂಡುಕೊಂಡಾಗ ಅದಕ್ಕೆ ಸಂತೋಷವಾಗುತ್ತದೆ. ಮನೆಯಲ್ಲಷ್ಟೇ ಆಡುವ ನುಡಿ ಬೀದಿಯಲ್ಲಿಯೂ ಉಂಟು ಎಂಬ ಧೈರ್ಯ ಬರುತ್ತದೆ. ಆ ಸಂತೋಷವನ್ನು ಕೆಡಿಸದೆ, ಬಾಂಧವ್ಯವೆಂದರೆ ಒಡೆತನವಲ್ಲ ಎಂಬುದನ್ನು ತೋರಿಸಿಕೊಡುವುದು ಅಧ್ಯಾಪಕನ ಕೆಲಸ. ಮರಾಠಿ ಮಗುವಿಗೆ ಇದರಿಂದ ಆಗುವ ಲಾಭವೂ ಕಡಿಮೆಯಲ್ಲ: ತಾನು ಅರ್ಥವಿಲ್ಲದ ಪದಗಳೆಂದುಕೊಂಡಿದ್ದವು ನೆರೆಯವರ ಸಂಖ್ಯೆಗಳೆಂದು ಅದಕ್ಕೆ ತಿಳಿಯುತ್ತದೆ.

೪. ಶೇಷದ ಗಣಿತ

ಆಟದ ಗಣಿತವು ಭಾಷೆಯಷ್ಟೇ ಸಮೃದ್ಧವಾಗಿದೆ. ಎಣಿಕೆಯ ಪದಗಳು ಸೀಮಿತ. ಏಳು ಪದಗಳ ಸುತ್ತನ್ನು ಇಲ್ಲಿ ಉದಾಹರಣೆಗೆ ತೆಗೆದುಕೊಳ್ಳಬಹುದು. ಏಳು ಮುಗಿದ ಮೇಲೆ ಮತ್ತೆ ವಕಟದಿಂದ ಆರಂಭ. ಅಳತೆಯು ಯಾವ ಪದದ ಮೇಲೆ ನಿಲ್ಲುತ್ತದೆಯೋ ಆ ಪದವು ಮುಂದಿನ ಹೊಡೆತದ ಭಂಗಿಯನ್ನು ನಿರ್ಧರಿಸುತ್ತದೆ. ಪಾದದ ಮೇಲಿಟ್ಟು ಹೊಡೆಯುವುದು, ಮುಷ್ಟಿಯ ಮೇಲಿಟ್ಟು ಹೊಡೆಯುವುದು, ಹೀಗೆ ಒಂದೊಂದು ಪದಕ್ಕೆ ಒಂದೊಂದು ಭಂಗಿ.

ವಿಟಿಯು ೨೩ ದಾಂಡುಗಳ ದೂರದಲ್ಲಿ ಬಿದ್ದಿತೆನ್ನೋಣ. ಏಳರ ಮೂರು ಸುತ್ತು ಮುಗಿದರೆ ೨೧, ಉಳಿದುದು ೨. ಆದ್ದರಿಂದ ಮುಂದಿನ ಹೊಡೆತ ಲೇಂಡ. ದೂರವು ೨೮ ಆದರೆ ಉಳಿಕೆ ಸೊನ್ನೆ. ಆಗ ಎಣಿಕೆ ಏಳನೆಯ ಪದದ ಮೇಲೆ ನಿಲ್ಲುತ್ತದೆ. ಸೊನ್ನೆ ಉಳಿಕೆಗೆ ಏಳನೆಯ ಪದವೇಕೆ ಎಂಬ ಪ್ರಶ್ನೆಗೆ ಮಕ್ಕಳು ತಾವೇ ಉತ್ತರ ಹುಡುಕಬಲ್ಲರು. ಇದೇ ಲೆಕ್ಕ ವಾರದ ದಿನಗಳಿಗೂ ಅನ್ವಯಿಸುತ್ತದೆ: ಇಂದು ಸೋಮವಾರವಾದರೆ ೨೩ ದಿನಗಳ ಬಳಿಕ ಬುಧವಾರ. ಭಾಗಾಕಾರದಲ್ಲಿ ಭಾಗಲಬ್ಧವೇ ಮುಖ್ಯ, ಶೇಷವು ಬಿಟ್ಟುಬಿಡತಕ್ಕದ್ದು ಎಂದು ಭಾವಿಸಿದ ಮಗುವಿಗೆ ಶೇಷವೇ ಆಟವನ್ನು ನಡೆಸುತ್ತದೆಂಬುದು ಹೊಸ ತಿಳಿವು.

ಎರಡನೆಯ ಪಾಠ ಮಾನಕ್ಕೆ ಸಂಬಂಧಿಸಿದ್ದು. ದಾಂಡಿನ ಉದ್ದ ೬೦ ಸೆಂಟಿಮೀಟರ್ ಆದರೆ ೨೩ ದಾಂಡೆಂದರೆ ೧೩ ಮೀಟರ್ ೮೦ ಸೆಂಟಿಮೀಟರ್. ಅದೇ ದೂರವನ್ನು ೫೫ ಸೆಂಟಿಮೀಟರಿನ ದಾಂಡಿನಿಂದ ಅಳೆದರೆ ೨೫ ಪೂರ್ಣ ದಾಂಡುಗಳು ಬರುತ್ತವೆ, ಶೇಷ ೪. ವಿಟಿ ಬಿದ್ದ ಜಾಗ ಬದಲಾಗಿಲ್ಲ, ಆದರೆ ಲೇಂಡ ಹೋಗಿ ನಾಲ ಬಂದಿತು! ಆಟದಲ್ಲಿ ಜಗಳ ಹುಟ್ಟುವುದು ಇಲ್ಲಿಯೇ. ತೂಕ ಮತ್ತು ಅಳತೆಗಳಿಗೆ ಸರ್ವಸಮ್ಮತವಾದ ಮಾನವೇಕೆ ಬೇಕು ಎಂಬುದನ್ನು ಪುಸ್ತಕದ ವಾಕ್ಯ ವಿವರಿಸುವುದಕ್ಕಿಂತ ಈ ಜಗಳ ಚೆನ್ನಾಗಿ ವಿವರಿಸುತ್ತದೆ. ಅಳೆಯುವ ಮುನ್ನ ದೂರವನ್ನು ಕಣ್ಣಳತೆಯಿಂದ ಅಂದಾಜು ಮಾಡುವ ರೂಢಿಯನ್ನು ಸೇರಿಸಿಕೊಂಡರೆ, ಅಂದಾಜಿಗೂ ನಿಜಕ್ಕೂ ಇರುವ ಅಂತರವನ್ನು ಶೇಕಡಾವಾರು ಲೆಕ್ಕದಲ್ಲಿ ಬರೆಯಿಸಬಹುದು.

ವಿಜ್ಞಾನದ ಪಾಠವನ್ನು ಸಂಕ್ಷೇಪವಾಗಿ ಸೂಚಿಸಿದರೆ ಸಾಕು. ವಿಟಿಯ ತುದಿ ಚೂಪಾಗಿರುವುದರಿಂದ ಅದು ನೆಲಕ್ಕೆ ತಾಗದೆ ಎದ್ದಿರುತ್ತದೆ. ತುದಿಗೆ ಪೆಟ್ಟು ಬಿದ್ದಾಗ ವಿಟಿಯು ಸನ್ನೆಯಂತೆ ತಿರುಗಿ ಮೇಲೇಳುತ್ತದೆ. ನಡುವೆ ಹೊಡೆದರೆ ಏಳುವುದಿಲ್ಲ. ಗಾಳಿಯ ತಡೆಯನ್ನು ಲೆಕ್ಕಿಸದಿದ್ದರೆ ೪೫ ಅಂಶದ ಕೋನದಲ್ಲಿ ಹೊಡೆದುದು ಅತಿ ದೂರ ಹೋಗಬೇಕು. ಹಗುರವಾದ ವಿಟಿಯ ವಿಷಯದಲ್ಲಿ ಗಾಳಿಯ ತಡೆಯನ್ನು ಮರೆಯುವಂತಿಲ್ಲ.

೫. ಬಾವಿಗೆ ಬಿದ್ದ ವಿಟಿ

ಸಾಹಿತ್ಯದ ಪಾಠಕ್ಕೆ ಮಹಾಭಾರತವೇ ಸಾಮಗ್ರಿಯನ್ನು ಒದಗಿಸುತ್ತದೆ. ಆದಿಪರ್ವದಲ್ಲಿ ಕುರುಕುಮಾರರು ಹಸ್ತಿನಾವತಿಯ ಹೊರಗೆ ಆಡುತ್ತಿರುವಾಗ ಅವರ ಆಟದ ವಸ್ತು ಬಾವಿಗೆ ಬೀಳುತ್ತದೆ. ದ್ರೋಣನು ಜೊಂಡಿನ ಕಡ್ಡಿಗಳನ್ನು ಒಂದರ ಹಿಂದೊಂದು ನೆಟ್ಟು ಸರಪಣಿಯಂತೆ ಮಾಡಿ ಅದನ್ನು ಎತ್ತಿಕೊಡುತ್ತಾನೆ. ಜನಪ್ರಿಯ ಕಥೆಗಳಲ್ಲಿ ಆ ವಸ್ತುವು ಚೆಂಡಾಗಿದೆ. ಮೂಲದಲ್ಲಿರುವ ಪದ 'ವೀಟಾ'. ೧೭ನೆಯ ಶತಮಾನದ ವ್ಯಾಖ್ಯಾನಕಾರ ನೀಲಕಂಠನು, ಮಹಾರಾಷ್ಟ್ರ ಮೂಲದವನು, ವೀಟಾ ಎಂದರೆ ಜವೆಯ ಕಾಳಿನ ಆಕಾರದ, ಗೇಣಳತೆಯ ಮರದ ತುಂಡು. ಮೊಳದುದ್ದದ ಕೋಲಿನಿಂದ ಹುಡುಗರು ಅದನ್ನು ಹಾರಿಸುತ್ತಾರೆ ಎಂಬ ಅರ್ಥವನ್ನು ಹೇಳುತ್ತಾನೆ. ಎಂದರೆ ಅದು ವಿಟಿಯೇ. ವ್ಯಾಖ್ಯಾನಕಾರನು ತನ್ನ ಕಾಲದ ಆಟವನ್ನು ಹಿಂದಿನ ಕಾಲಕ್ಕೆ ಹೊದಿಸಿದನೋ, ನಿಜವಾದ ಪರಂಪರೆಯನ್ನು ದಾಖಲಿಸಿದನೋ ಎಂಬುದು ಚರ್ಚೆಗೆ ಯೋಗ್ಯವಾದ ವಿಷಯ.

ಮಹಾಭಾರತದ ಸಂಶೋಧಿತ ಆವೃತ್ತಿಯನ್ನು ಸಿದ್ಧಪಡಿಸಿದ ಭಾಂಡಾರಕರ ಪ್ರಾಚ್ಯವಿದ್ಯಾ ಸಂಶೋಧನ ಮಂದಿರ, ೧೯೧೭ರಲ್ಲಿ ಸ್ಥಾಪಿತವಾದುದು, ಪುಣೆಯಲ್ಲಿಯೇ ಇದೆ. ಆ ಪ್ರಸಂಗವನ್ನು ಕನ್ನಡದಲ್ಲಿ ಪಂಪ, ಕುಮಾರವ್ಯಾಸರು ಹೇಗೆ ನಿರ್ವಹಿಸಿದ್ದಾರೆ, ಆಟದ ವಸ್ತುವನ್ನು ಯಾವ ಪದದಿಂದ ಕರೆದಿದ್ದಾರೆ ಎಂಬುದನ್ನು ವಿದ್ಯಾರ್ಥಿಗಳು ಮೂಲದೊಡನೆ ಹೋಲಿಸಿ ನೋಡತಕ್ಕದ್ದು. ಪುಣೆಯ ಸಮೀಪದ ದೇಹೂವಿನ ತುಕಾರಾಮರ ಗಾಥೆಯಲ್ಲಿ 'ಚೆಂಡೂಫಳಿ' ಎಂಬ ಚೆಂಡು ಮತ್ತು ಹಲಗೆಯ ಆಟವು ಅಧ್ಯಾತ್ಮದ ರೂಪಕವಾಗಿದೆ. ಆ ಹೆಸರಿನ ಮೊದಲ ಭಾಗವು ಕನ್ನಡಿಗರಿಗೂ ತೆಲುಗರಿಗೂ ಮನೆಯ ಮಾತು.

೬. ಧಾರವಾಡದಲ್ಲಿ ಹುಟ್ಟಿದ ಬೌಲರ್

ಸಮಾಜ ವಿಜ್ಞಾನಕ್ಕೆ ವಿಟಿದಾಂಡಿನ ಬದಲು ಕ್ರಿಕೆಟ್ಟನ್ನು ಆಶ್ರಯಿಸುವುದು ಸೂಕ್ತ. ಜಾಕಿ ರಾಬಿನ್ಸನ್ನನ ಕಥೆಗೆ ಸಮಾನವಾದ, ಅದಕ್ಕಿಂತ ಅರ್ಧ ಶತಮಾನ ಹಿಂದಿನ ಕಥೆ ಪುಣೆಯಲ್ಲಿದೆ. ಪಾಲ್ವಣಕರ ಬಾಳೂ ಧಾರವಾಡದಲ್ಲಿ ಹುಟ್ಟಿದವರು. ಅಸ್ಪೃಶ್ಯರೆಂದು ದೂರವಿಡಲಾಗಿದ್ದ ಚಮ್ಮಾರ ಜಾತಿಗೆ ಸೇರಿದವರು. ೧೮೯೦ರ ದಶಕದಲ್ಲಿ ಪುಣೆಯ ಯುರೋಪಿಯನ್ನರ ಕ್ಲಬ್ಬಿನಲ್ಲಿ ಅಲ್ಪ ವೇತನಕ್ಕೆ ಮೈದಾನ ಸಿದ್ಧಪಡಿಸುತ್ತ, ಅಭ್ಯಾಸಕ್ಕೆ ಚೆಂಡೆಸೆಯುತ್ತ ಶ್ರೇಷ್ಠ ಎಡಗೈ ಸ್ಪಿನ್ ಬೌಲರಾಗಿ ಬೆಳೆದರು. ಪುಣೆಯ ಹಿಂದೂ ತಂಡವು ಯುರೋಪಿಯನ್ನರನ್ನು ಸೋಲಿಸಲು ಅವರನ್ನು ಸೇರಿಸಿಕೊಂಡಿತು. ಆದರೆ ಅಂಕಣದಲ್ಲಿ ಅವರು ಮುಟ್ಟಿದ ಚೆಂಡನ್ನು ಮುಟ್ಟುತ್ತಿದ್ದ ಸಹ ಆಟಗಾರರು ವಿರಾಮದಲ್ಲಿ ಅವರಿಗೆ ಪೆವಿಲಿಯನ್ನಿನ ಹೊರಗೆ, ಬಿಸಾಡುವ ಮಣ್ಣಿನ ಬಟ್ಟಲಿನಲ್ಲಿ ಚಹಾ ಕೊಡುತ್ತಿದ್ದರೆಂಬುದನ್ನು ರಾಮಚಂದ್ರ ಗುಹಾ ದಾಖಲಿಸಿದ್ದಾರೆ. ೧೯೧೧ರ ಇಂಗ್ಲೆಂಡ್ ಪ್ರವಾಸದಲ್ಲಿ ಬಾಳೂ ನೂರಕ್ಕೂ ಹೆಚ್ಚು ವಿಕೆಟ್ಟುಗಳನ್ನು ಪಡೆದರು. ಹಿಂದೂ ತಂಡದ ನಾಯಕತ್ವ ಅವರಿಗೆ ದೊರೆಯಲಿಲ್ಲ. ಅವರ ತಮ್ಮ ವಿಠ್ಠಲರಿಗೆ ೧೯೨೩ರಲ್ಲಿ ದೊರೆಯಿತು.

ಚೆಂಡಿಗೆ ಇಲ್ಲದ ಮೈಲಿಗೆ ಬಟ್ಟಲಿಗೆ ಹೇಗೆ ಬಂದಿತು ಎಂಬ ಪ್ರಶ್ನೆಯನ್ನು ಎಂಟನೆಯ ತರಗತಿಯ ಮಕ್ಕಳ ಮುಂದಿಟ್ಟರೆ, ಸಂವಿಧಾನದ ೧೭ನೆಯ ವಿಧಿಯು ಕಂಠಪಾಠದ ವಾಕ್ಯವಾಗಿ ಉಳಿಯುವುದಿಲ್ಲ.

೭. ಕೆಲವು ಎಚ್ಚರಿಕೆಗಳು

ಆಟವನ್ನು ಪಾಠಕ್ಕೆ ಬಳಸುವಲ್ಲಿ ಮೂರು ಅಪಾಯಗಳಿವೆ. ಮೊದಲನೆಯದು ದೈಹಿಕವಾದುದು. ಚೂಪಾದ ವಿಟಿ ಕಣ್ಣಿಗೆ ಬಡಿಯಬಲ್ಲುದು. ತುದಿಗಳನ್ನು ಮೊಂಡಾಗಿಸಿ, ನೋಡುವವರನ್ನು ಹೊಡೆತದ ದಿಕ್ಕಿನಿಂದ ದೂರವಿಟ್ಟು, ಬಯಲಿನಲ್ಲಿ ಮಾತ್ರ ಆಡಿಸತಕ್ಕದ್ದು. ಎರಡನೆಯದು, ಈ ಆಟವು ಬಹುಮಟ್ಟಿಗೆ ಹುಡುಗರದ್ದಾಗಿ ನಡೆದುಬಂದಿದೆ. ತರಗತಿಯಲ್ಲಿ ಅದು ಎಲ್ಲರದ್ದೂ ಆಗಬೇಕು. ಹುಡುಗಿಯರ ಗಜ್ಜುಗದಾಟದಲ್ಲಿ, ಫುಗಡಿಯಲ್ಲಿ ಇರುವ ಎಣಿಕೆ ಮತ್ತು ಲಯಗಳಿಗೂ ಸಮಾನ ಸ್ಥಾನ ದೊರೆಯಬೇಕು.

ಮೂರನೆಯದು ಎಲ್ಲಕ್ಕಿಂತ ಸೂಕ್ಷ್ಮ. ಕಹಿ ಗುಳಿಗೆಗೆ ಬೆಲ್ಲ ಸವರಿದಂತೆ ಆಟವನ್ನು ಪಾಠಕ್ಕೆ ಸವರಿದರೆ ಮಕ್ಕಳು ಬೆಲ್ಲವನ್ನು ನೆಕ್ಕಿ ಗುಳಿಗೆಯನ್ನು ಉಗುಳುತ್ತಾರೆ. ಆಟದೊಳಗೆ ಆಗಲೇ ಇರುವ ಗಣಿತವನ್ನು, ಭಾಷೆಯನ್ನು, ಚರಿತ್ರೆಯನ್ನು ಹೊರಗೆ ತೆಗೆಯಬೇಕೇ ವಿನಾ ಹೊರಗಿನದನ್ನು ಒಳಗೆ ತುರುಕಬಾರದು. ಮೊದಲ ಅವಧಿಯಲ್ಲಿ ಬರಿಯ ಆಟ. ಎರಡನೆಯದರಲ್ಲಿ ಅಳತೆಯ ಪಟ್ಟಿ. ಮೂರನೆಯದರಲ್ಲಿ ಶೇಷದ ಲೆಕ್ಕ. ನಾಲ್ಕನೆಯದರಲ್ಲಿ ಎಣಿಕೆಯ ಪದಗಳ ಹೋಲಿಕೆ. ಐದನೆಯದರಲ್ಲಿ ಕಥೆ ಮತ್ತು ಚರ್ಚೆ. ಈ ಕ್ರಮದಲ್ಲಿ ನಡೆದರೆ ಆಟವು ಆಟವಾಗಿಯೇ ಉಳಿದು ಪಾಠವೂ ಆಗುತ್ತದೆ.

೮. ಸಮಾರೋಪ

ವಿಟಿದಾಂಡಿಗೆ ಬೇಕಾದ ಬಯಲು ನಗರಗಳಲ್ಲಿ ಕುಗ್ಗುತ್ತಿದೆ. ಆಟ ನಿಂತರೆ ಅದರೊಡನೆ ಎಣಿಕೆಯೂ ನಿಲ್ಲುತ್ತದೆ. ಏಕೆಂದರೆ ವಕಟ, ಲೇಂಡಗಳಿಗೆ ಆಟದ ಹೊರಗೆ ಬೇರೆ ಬಾಳಿಲ್ಲ. ನಿಘಂಟಿನಲ್ಲಿ ಸೇರಿದ ಪದವು ಉಳಿದೀತು, ಆದರೆ ಯಾವ ಊರಿನಲ್ಲಿ ಐದನೆಯ ಪದ ಯಾವುದು, ಏಳನೆಯದು ಯಾವುದು, ಸುತ್ತು ಎಷ್ಟರದ್ದು ಎಂಬ ವಿವರಗಳು ಉಳಿಯಲಾರವು. ಅವಶೇಷವೋ ಎರವಲೋ ಎಂಬ ಪ್ರಶ್ನೆ ಬಗೆಹರಿಯಬೇಕಾದುದು ಈ ವಿವರಗಳಿಂದಲೇ.

ಆದುದರಿಂದ ಕನ್ನಡ ವಿಭಾಗಗಳ ಮುಂದೆ ಒಂದು ಸ್ಪಷ್ಟವಾದ ಕೆಲಸವಿದೆ. ಬೀದರ, ಕಲಬುರಗಿ, ವಿಜಯಪುರ, ಬೆಳಗಾವಿಗಳಿಂದ ಸೋಲಾಪುರ, ಸಾಂಗಲಿ, ಕೊಲ್ಹಾಪುರ, ಪುಣೆಗಳವರೆಗೆ ಊರೂರಿನ ಆಟದ ಎಣಿಕೆಯನ್ನು ಹಿರಿಯರ ಬಾಯಿಂದ ಕೇಳಿ, ಧ್ವನಿಮುದ್ರಿಸಿ, ನಕ್ಷೆಯ ಮೇಲೆ ಗುರುತಿಸಬೇಕು. ಅನುನಾಸಿಕವು ಎಲ್ಲಿ ಉಳಿಯುತ್ತದೆ, ಎಲ್ಲಿ ಬೀಳುತ್ತದೆ. 'ವಕಟ' ಎಲ್ಲಿ ನಿಂತು 'ಒಂದು' ಎಲ್ಲಿ ಆರಂಭವಾಗುತ್ತದೆ ಎಂಬುದನ್ನು ಆ ನಕ್ಷೆ ತೋರಿಸುತ್ತದೆ. ಆ ಗೆರೆಯು ಇಂದಿನ ರಾಜ್ಯಗಳ ಗಡಿಯೊಡನೆ ಕೂಡಿಬರಬೇಕೆಂಬ ನಿಯಮವಿಲ್ಲ. ಕನ್ನಡಕ್ಕೆ ಅನುಕೂಲವಾಗಿಯೇ ಬರಬೇಕೆಂಬ ನಿಯಮವೂ ಇಲ್ಲ. ಈ ಸಂಗ್ರಹಕಾರ್ಯಕ್ಕೆ ಶಾಲೆಯ ಮಕ್ಕಳಿಗಿಂತ ಯೋಗ್ಯರಾದ ಸಹಾಯಕರಿಲ್ಲ. ಅಜ್ಜನನ್ನು 'ನಿಮ್ಮ ಊರಲ್ಲಿ ಹೇಗೆ ಎಣಿಸುತ್ತಿದ್ದಿರಿ?' ಎಂದು ಕೇಳುವ ಮಗುವಿಗೆ ಆತ ಕೊಡುವ ಉತ್ತರವು, ಪ್ರಶ್ನಾವಳಿ ಹಿಡಿದು ಬಂದ ಸಂಶೋಧಕನಿಗೆ ಕೊಡುವ ಉತ್ತರಕ್ಕಿಂತ ಸಹಜವಾಗಿರುತ್ತದೆ. ಆ ಉತ್ತರವನ್ನು ಬರೆದುಕೊಂಡ ದಿನ ಆ ಮಗು ಭಾಷಾಶಾಸ್ತ್ರದ ಮೊದಲ ಪಾಠವನ್ನು ಮುಗಿಸಿರುತ್ತದೆ.